ಭಾವನ ಪೆಟ್ಟಿಗೆಯ ನಾಲ್ಕು ವಾಲ್ವುಗಳು

ಅಕ್ಕನ ಫೋನು ಬಂದಾಗ ತಮ್ಮ ತನ್ನ ಕನ್ನಡಕದಂಗಡಿಯಲ್ಲಿ ಕೂತು ಒಂದು ಫ್ರೇಮಿನ ಕಡ್ಡಿಗೆ ತಿರುಪು ಕೂರಿಸುತ್ತಿದ್ದ.

"ಮರಿ, ಬಿಡುವಾಗಿದ್ದೀಯೇನೋ?"

ಐವತ್ತು ದಾಟಿ, ನೆತ್ತಿ ಬೋಳಾಗಿ, ಸ್ವಂತ ಅಂಗಡಿ ಇಟ್ಟು ಊರಿನ ಅರ್ಧ ಜನರ ಮೂಗಿನ ಮೇಲೆ ಕನ್ನಡಕ ಏರಿಸಿದ್ದರೂ ಅಕ್ಕನ ಬಾಯಲ್ಲಿ ಅವನು ಇನ್ನೂ ಮರಿಯೇ.

"ಹೇಳಕ್ಕ."

"ನಿಮ್ಮ ಭಾವನ ಹಾಡಿನ ಪೆಟ್ಟಿಗೆಗೆ ಹೊಸ ವಾಲ್ವ್ ಹಾಕಿಸೋಣ ಅಂತಿದೀನಿ ಕಣೋ. ಕಿವಿಯಂತೂ ಹೊಸದು ಹಾಕಿಸೋಕಾಗಲ್ಲ. ಸ್ವಲ್ಪ ಚುರುಕಾಗಿರೋ ವಾಲ್ವ್ ಸಿಕ್ಕಿದ್ರೆ ನನ್ನ ಮಂದ ಕಿವಿಗೂ ಅದಕ್ಕೂ ಸರಿಹೋಗುತ್ತೇನೋ. ನನಗೆ ಅದರ ತಲೆಬುಡ ಗೊತ್ತಿಲ್ಲ, ನೀನೇ ಬಂದು ಆರಿಸಿಕೊಡು."

ಚಿಮುಟದ ತುದಿಯಿಂದ ತಿರುಪು ಜಾರಿ ಮೇಜಿನ ಕೆಳಗೆಲ್ಲೋ ಹೋಯಿತು. ಅವನು ಬಗ್ಗಿ ಅದನ್ನು ಹುಡುಕತೊಡಗಿದ.

"ಕೇಳಿಸ್ತಾ ಇದೆಯಾ? ನನ್ನ ಹಾಗೆ ನಿನಗೂ ಶುರುವಾಯ್ತಾ?" ಎಂದು ಅಕ್ಕ ನಕ್ಕಳು.

"ಕೇಳಿಸ್ತು ಅಕ್ಕ. ಭಾನುವಾರ ಹೋಗೋಣ," ಎಂದ. ಫೋನು ಇಟ್ಟ ಮೇಲೂ ಅವನ ಕಿವಿಯಲ್ಲಿ ಉಳಿದದ್ದು ಆ ನಗುವೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಯಾಕೆಂದರೆ ಭಾವನ ಪೆಟ್ಟಿಗೆಯ ನಾಲ್ಕು ವಾಲ್ವುಗಳು ಇದ್ದದ್ದು ಅವನ ಮನೆಯಲ್ಲಿ. ಮೂರು, ಅವನ ಸ್ವಂತ ಪೆಟ್ಟಿಗೆಯೊಳಗೆ ಸಂಜೆ ಸಂಜೆ ಕೆಂಡದಂತೆ ಬೆಳಗುತ್ತಿದ್ದವು. ನಾಲ್ಕನೆಯದು ಸತ್ತು, ಬಟ್ಟೆ ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೆಯ ಕಾಲುಚೀಲದೊಳಗೆ ಮಲಗಿತ್ತು.

ಭಾವ ರೆಕಾರ್ಡಿಂಗ್ ಕೆಲಸದವನು. ಸಂಗೀತ ಕಚೇರಿಯ ಹಾಲುಗಳಲ್ಲಿ ಮೈಕು ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಬೇರೆಯವರು ಚಪ್ಪಾಳೆ ತಟ್ಟುವಾಗ ತಾನು ಮಾಪಕದ ಮುಳ್ಳು ನೋಡುತ್ತ ಕೂರುವ ಜಾತಿ. ಅಕ್ಕ ಪಿಯಾನೋಗಳಿಗೆ ಶ್ರುತಿ ಕೂಡಿಸುವವಳು. ಇಬ್ಬರೂ ಒಬ್ಬರನ್ನೊಬ್ಬರು ಮೊದಲು ಕಂಡದ್ದೇ ಒಂದು ಖಾಲಿ ಹಾಲಿನಲ್ಲಿ, ಕಚೇರಿ ಶುರುವಾಗುವ ಮುಂಚೆ. ಮದುವೆಯಾದ ಮೇಲೆ ಭಾವ ಮನೆಯಲ್ಲಿ ಹಾಡು ಕೇಳುವುದಕ್ಕೆಂದು ತನ್ನ ಕೈಯಾರೆ ಒಂದು ಪ್ರೀ-ಆಂಪ್ ಕಟ್ಟಿದ. ಟೇಪಿನಿಂದ ಬರುವ ಸಣ್ಣ ದನಿಯನ್ನು ಎತ್ತಿ, ಹದಮಾಡಿ, ದೊಡ್ಡ ಆಂಪ್ಲಿಫೈಯರಿಗೆ ದಾಟಿಸುವ ಪೆಟ್ಟಿಗೆ ಅದು. ಒಳಗೆ ಬೆರಳಿನಷ್ಟುದ್ದದ ನಾಲ್ಕು ಗಾಜಿನ ವಾಲ್ವುಗಳು. ಎಡದ ದನಿಗೆ ಎರಡು, ಬಲದ ದನಿಗೆ ಎರಡು. ಮುಚ್ಚಿಹೋದ ಯಾವುದೋ ರೇಡಿಯೊ ಕೇಂದ್ರದ ಹಳೆಯ ದಾಸ್ತಾನಿನಿಂದ ಭಾವ ಅವನ್ನು ಒಂದೊಂದಾಗಿ ಹೆಕ್ಕಿ ತಂದಿದ್ದ. ಅಂಥವನ್ನು ಈಗ ಯಾರೂ ಮಾಡುವುದಿಲ್ಲ.

ತಮ್ಮನಿಗೆ ಈ ಹುಚ್ಚು ಅಂಟಿಸಿದವನೂ ಭಾವನೇ. ಅವನೂ ಒಂದು ಪೆಟ್ಟಿಗೆ ಕೊಂಡ, ವಾಲ್ವು ಬದಲಿಸಿದ, ತಂತಿ ಬದಲಿಸಿದ, ಆದರೆ ಭಾವನ ಮನೆಯ ಆ ದನಿ ಅವನ ಮನೆಗೆ ಬರಲೇ ಇಲ್ಲ. "ಅವಸರ ಮಾಡಬೇಡ ಮಾರಾಯ, ಅಪರೂಪಕ್ಕೆ ಸಿಗುತ್ತೆ, ಸಿಕ್ಕಿದಾಗ ನಿನಗೂ ತರ್ತೀನಿ," ಎನ್ನುತ್ತಿದ್ದ ಭಾವ. ತರುವ ಮುಂಚೆಯೇ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಹೋಗಿಬಿಟ್ಟ.

ಅಕ್ಕ ಆಮೇಲೆ ಬಹಳ ದಿನ ಪೆಟ್ಟಿಗೆ ಮುಟ್ಟಲಿಲ್ಲ. ಮುಟ್ಟಿದ ದಿನ ಅದು ಚರಪರ ಅಂದಿತು. ತಮ್ಮನನ್ನು ಕರೆದಳು. ಅವನು ಹೋಗಿ, ಮುಚ್ಚಳ ಬಿಚ್ಚಿ, ಧೂಳು ಒರೆಸಿದ. ಅಕ್ಕ ಅಡುಗೆಮನೆಯಲ್ಲಿ ಅವನಿಗಾಗಿ ಕಾಫಿ ಕಾಯಿಸುತ್ತಿದ್ದಳು. ವಾಲ್ವಿನ ಕಾಲುಗಳನ್ನು ಒರೆಸುವುದಕ್ಕೆಂದು ನಾಲ್ಕನ್ನೂ ಕಿತ್ತು ಅಂಗೈಯಲ್ಲಿಟ್ಟುಕೊಂಡವನಿಗೆ ಬುದ್ಧಿ ಕೆಟ್ಟಿತು. ಒಂದು ವಾರ, ಒಂದೇ ಒಂದು ವಾರ, ಕೇಳಿ ನೋಡಿ ತಂದಿಟ್ಟರಾಯಿತು. ಅಕ್ಕನಿಗೇನು ಗೊತ್ತಾಗುತ್ತದೆ? ಅವತ್ತು ಏನೂ ಮಾಡಲಿಲ್ಲ. ಆದರೆ ಮಾರನೆಯ ದಿನ "ಒಂದು ತಿರುಪು ಸಡಿಲ ಬಿಟ್ಟಿದ್ದೆ" ಎಂದು ಹೇಳಿ ಮತ್ತೆ ಹೋದಾಗ, ಜೇಬಿನಲ್ಲಿ ತನ್ನ ಪೆಟ್ಟಿಗೆಯ ನಾಲ್ಕು ಸವೆದ ವಾಲ್ವುಗಳಿದ್ದವು. ಅದರಲ್ಲೊಂದು ತೀರಾ ಸೊರಗಿದ್ದು ಅವನಿಗೆ ಗೊತ್ತಿತ್ತು. ಒಂದು ವಾರಕ್ಕೆ ತಾನೆ ಎಂದುಕೊಂಡ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಮನೆಗೆ ತಂದು ಹಾಕಿ ಕೇಳಿದ ದಿನ ಅವನ ಹೆಂಡತಿ ಕೂಡ ಕೈಯೊಳಗಿನ ಬಟ್ಟೆ ಮಡಚುವುದು ಬಿಟ್ಟು ಬಂದು ನಿಂತಳು. "ಏನ್ರೀ, ಹಾಡೋಳು ನಮ್ಮ ಕಿಟಕಿ ಹತ್ರ ನಿಂತ ಹಾಗಿದೆಯಲ್ಲ!" ಎಂದಳು. "ವಾಲ್ವ್ ಬದಲಾಯಿಸಿದೆ," ಎಂದನೇ ಹೊರತು ಎಲ್ಲಿಂದ ಎಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಇವನ ಪೆಟ್ಟಿಗೆಯ ಸಾಮಾನಿನ ವಿಷಯ ಕೇಳುವುದನ್ನು ಅವಳು ಯಾವತ್ತೋ ಬಿಟ್ಟಿದ್ದಳು.

ವಾರ ತಿಂಗಳಾಯಿತು. ಕಡೆಗೊಂದು ದಿನ ಮನಸ್ಸು ಗಟ್ಟಿಮಾಡಿ, ವಾಪಸು ಕೊಟ್ಟುಬಿಡೋಣ ಎಂದು ಪೆಟ್ಟಿಗೆ ಬಿಚ್ಚಿದ. ಒಂದು ವಾಲ್ವು ಬಿಗಿಯಾಗಿ ಕೂತಿತ್ತು. ಅಲ್ಲಾಡಿಸಿ ಎಳೆಯುವ ಬದಲು ಓರೆಯಾಗಿ ಕಿತ್ತ. ಚಿಟ್ ಎಂದು ಸಣ್ಣ ಸದ್ದು. ಅವನ ಕಣ್ಣೆದುರೇ ಗಾಜಿನ ತಲೆಯೊಳಗಿನ ಬೆಳ್ಳಿಬಣ್ಣ ಮೆಲ್ಲಗೆ ಹಾಲಿನಂತೆ ಬೆಳ್ಳಗಾಯಿತು. ಬಿರುಕಿನಿಂದ ಗಾಳಿ ಒಳಗೆ ಹೋಗಿತ್ತು. ಒಳಗೆ ಗಾಳಿ ಹೋದ ವಾಲ್ವು ಮುಗಿದ ಹಾಗೆಯೇ.

ಇನ್ನು ಮೂರು ಕೊಟ್ಟು ಒಂದು ಹೇಗೆ ಬಚ್ಚಿಡುವುದು? ಎಲ್ಲೆಲ್ಲೋ ಹುಡುಕಿಸಿದ, ಜೋಡಿ ಸಿಗದೆ ತನ್ನ ಪೆಟ್ಟಿಗೆಯ ಖಾಲಿ ಜಾಗಕ್ಕೆ ಸಾಧಾರಣದೊಂದನ್ನು ಹಾಕಿಕೊಂಡ. ಅಷ್ಟು ಹೊತ್ತಿಗೆ ಅಕ್ಕ ಒಂದು ದಿನ ಅಂದಳು: "ಮರಿ, ಯಾಕೋ ಎಡಗಡೆ ಮಂಕಾಗಿ ಕೇಳ್ಸುತ್ತೆ ಕಣೋ. ಒಮ್ಮೆ ನೋಡ್ತೀಯಾ?" ಅವನು ಹೋದ. ಮುಚ್ಚಳ ತೆಗೆದ, ಒಳಗೆ ಇಣುಕಿದ, ಮುಚ್ಚಿದ. ಬೆನ್ನು ತಿರುಗಿಸಿ ನಿಂತೇ ಹೇಳಿದ: "ಪೆಟ್ಟಿಗೆ ಸರಿಯಾಗೇ ಇದೆ ಅಕ್ಕ. ವಯಸ್ಸಾಗ್ತಾ ಬಂತಲ್ಲ, ಒಂದ್ಸಲ ಕಿವಿ ತೋರಿಸ್ಕೋ."

ಮಾತು ಆಡಿದರೆ ಹೋಯಿತು. ಅವನಾದರೂ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ನೋಡುತ್ತಿದ್ದ. 'ನಿಮ್ಮ ಕಣ್ಣು ಮಂಜು' ಎಂದು ಹೇಳಿಬಿಟ್ಟರೆ ಸರಿಯಾಗಿ ಓದುತ್ತಿದ್ದವರೂ ತಡವರಿಸುತ್ತಾರೆ. ಅಕ್ಕ ಕಿವಿ ಡಾಕ್ಟರ ಹತ್ತಿರ ಹೋದಳು. ಡಾಕ್ಟರು, ಈ ವಯಸ್ಸಿಗೆ ಎಲ್ಲರಿಗೂ ಆಗುವಷ್ಟೇ, ಮೇಲಿನ ಸಣ್ಣ ದನಿಗಳು ಒಂಚೂರು ಕಡಿಮೆ, ಚಿಂತೆ ಮಾಡಬೇಡಿ ಅಂದರು. ಬೇರೆಯವರಾಗಿದ್ದರೆ ಚಿಂತೆ ಮಾಡುತ್ತಿರಲಿಲ್ಲ. ಅಕ್ಕನ ಅನ್ನವೇ ಕಿವಿಯದು. ದೊಡ್ಡ ಹಾಲಿನ ಪಿಯಾನೋ, ಹೊರಗಿನಿಂದ ಬರುವ ಕಲಾವಿದರು ನುಡಿಸುವಂಥದ್ದು, ಇಪ್ಪತ್ತು ವರ್ಷ ಅವಳ ಕೈಯಲ್ಲೇ ಇತ್ತು. "ಸಾವಿರ ಜನ ಕೂತಿರ್ತಾರೆ. ನಾನು ಕೇಳಿಸ್ಕೊಳ್ದೇ ಇರೋದನ್ನ ಅವರು ಕೇಳಿಸ್ಕೊಂಡ್ರೆ?" ಎಂದು ಆ ಕೆಲಸವನ್ನು ತನ್ನ ಶಿಷ್ಯೆಗೆ ಒಪ್ಪಿಸಿ, ತಾನು ಶಾಲೆಗಳ ಹಳೆಯ ಪಿಯಾನೋಗಳನ್ನಷ್ಟೇ ಇಟ್ಟುಕೊಂಡಳು.

ಆ ಸುದ್ದಿ ಹೇಳಿದ ದಿನ ತಮ್ಮನಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ಉಗುಳಲಿಲ್ಲ, ನುಂಗಲಿಲ್ಲ. ಸಂಜೆ ಮನೆಗೆ ಹೋಗಿ ಪೆಟ್ಟಿಗೆ ಹಚ್ಚಲೂ ಇಲ್ಲ.

ಭಾನುವಾರ ಅಕ್ಕ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಮಗುವನ್ನು ಹಿಡಿದ ಹಾಗೆ ಮಡಿಲಲ್ಲಿಟ್ಟುಕೊಂಡು ಅವನ ಕಾರಿನಲ್ಲಿ ಕೂತಳು. ಕೈಚೀಲದಲ್ಲಿ ಒಂದು ಟೇಪು. ದೊಡ್ಡ ಹಾಲಿನಲ್ಲಿ ಅವಳು ಶ್ರುತಿ ಕೂಡಿಸಿ ಮುಗಿಸಿ, ಸುಮ್ಮನೆ ಎರಡು ನಿಮಿಷ ನುಡಿಸಿದ್ದನ್ನು ಭಾವ ಹೇಳದೆ ಕೇಳದೆ ರೆಕಾರ್ಡು ಮಾಡಿಟ್ಟಿದ್ದು.

"ಇದೊಂದು ನನಗೆ ಬಾಯಿಪಾಠ. ಇದರಲ್ಲಿ ಕೇಳಿದ್ರೆ ಗೊತ್ತಾಗುತ್ತೆ," ಅಂದಳು.

ವಾಲ್ವಿನ ಅಂಗಡಿ ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಡಿದಾದ ಮೆಟ್ಟಿಲು, ಮೇಲೆ ಹೋದರೆ ಗೋಡೆಯುದ್ದಕ್ಕೂ ಸಣ್ಣ ಸಣ್ಣ ರಟ್ಟಿನ ಡಬ್ಬಿಗಳು, ನೆಲಕ್ಕೆ ದಪ್ಪ ಜಮಖಾನ, ಎದುರಿಗೆ ಎರಡು ಸ್ಪೀಕರು, ನಡುವೆ ಎರಡು ಕುರ್ಚಿ. ಅಂಗಡಿಯಾಕೆ ನಲವತ್ತರ ಆಸುಪಾಸಿನ ಚುರುಕಿನ ಹೆಂಗಸು. ಕೂದಲನ್ನು ಪೆನ್ಸಿಲ್ಲಿನಿಂದ ಸಿಕ್ಕಿಸಿಕೊಂಡಿದ್ದಳು.

"ಮೊದಲು ಇರೋದನ್ನ ಕೇಳೋಣ, ಆಮೇಲೆ ಬೇಕಾಗಿರೋದು," ಎಂದು ಪೆಟ್ಟಿಗೆಯನ್ನು ಜೋಡಿಸಿ ಟೇಪು ಹಾಕಿದಳು.

ತಮ್ಮ ಕಿಟಕಿಯ ಹತ್ತಿರ ನಿಂತಿದ್ದ. ಪಿಯಾನೋ ಶುರುವಾಯಿತು. ಬಲಗಡೆಯಿಂದ ಬರುವುದು ಹೇಗೋ ಬರುತ್ತಿತ್ತು. ಎಡಗಡೆ ಕಂಬಳಿ ಹೊದ್ದು ಮಲಗಿತ್ತು.

ಅಕ್ಕ ತಲೆ ಬಗ್ಗಿಸಿಕೊಂಡು ಅಂಗಡಿಯಾಕೆಗೆ ಹೇಳಿದಳು, ತಪ್ಪು ಮಾಡಿದವಳ ಹಾಗೆ: "ನನಗೆ ಎಡಗಡೆ ಕೇಳ್ಸೋದು ಸ್ವಲ್ಪ ಕಡಿಮೆ. ಗೋಣಿಚೀಲ ಮುಚ್ಚಿದ ಹಾಗಿರುತ್ತೆ. ನೀವು ಅದನ್ನ ಲೆಕ್ಕಕ್ಕೆ ತಗೋಬೇಡಿ."

ಅಂಗಡಿಯಾಕೆ ಹುಬ್ಬೇರಿಸಿದಳು. "ನನಗೂ ಹಾಗೇ ಕೇಳ್ತಿದೆಯಲ್ಲಮ್ಮ."

"ಏನಂದ್ರಿ?"

"ಎಡಗಡೆ ಮಂಕು. ಯಾರಿಗೆ ಬೇಕಾದ್ರೂ ಕೇಳ್ಸುತ್ತೆ."

"ನಿಮಗೂ?" ಅಕ್ಕ ಕುರ್ಚಿಯಿಂದ ಅರ್ಧ ಎದ್ದಳು. "ನಿಮಗೂ ಹಾಗೇ ಕೇಳ್ತಿದೆಯಾ?"

ಅಂಗಡಿಯಾಕೆ ಎಡಗಡೆಯ ಒಂದು ವಾಲ್ವು ಕಿತ್ತು ಮಾಪಕಕ್ಕೆ ಸಿಕ್ಕಿಸಿದಳು. ಮುಳ್ಳು ಏಳಲೋ ಬೇಡವೋ ಎಂದು ಸ್ವಲ್ಪ ಎದ್ದು ಅಲ್ಲೇ ಕೂತಿತು. "ನೋಡಿ, ಇದರಲ್ಲಿ ಜೀವವೇ ಇಲ್ಲ. ಇದು ಇವತ್ತು ನಿನ್ನೆಯ ಸುಸ್ತಲ್ಲ."

ಅಕ್ಕ ಎರಡೂ ಕೈಯಲ್ಲಿ ಕಿವಿ ಮುಟ್ಟಿಕೊಂಡಳು. ನಗು ಬಂತು, ಅದರ ಹಿಂದೆಯೇ ಅಳು ಬಂತು, ಯಾವುದು ಯಾವುದೆಂದು ಗೊತ್ತಾಗದ ಹಾಗೆ. "ಮರೀ, ನನ್ನ ಕಿವಿಯಲ್ಲ ಕಣೋ! ಅದು ನನ್ನ ಕಿವಿಯಲ್ಲ!" ಎಂದು ಅವನ ತೋಳು ಹಿಡಿದು ಅಲ್ಲಾಡಿಸಿದಳು. ಆಮೇಲೆ ಕಣ್ಣೊರೆಸಿಕೊಳ್ಳುತ್ತ, "ಅಲ್ಲ, ನೀನು ಅವತ್ತು ನೋಡಿದ್ಯಲ್ಲ? ಸರಿಯಿದೆ ಅಂದ್ಯಲ್ಲ?" ಅಂದಳು. ಆ ಕೇಳುವುದರಲ್ಲಿ ಅನುಮಾನದ ಎಳೆಯೂ ಇರಲಿಲ್ಲ.

ಆಗಲೇ ಹೇಳಬಹುದಿತ್ತು. ಬಾಗಿಲು ತೆರೆದೇ ಇತ್ತು. ಅವನು ಕಿಟಕಿಯಾಚೆ ನೋಡುತ್ತ, "ಆಗ ಸರಿಯಿತ್ತು ಅಕ್ಕ. ಆಮೇಲೆ ಹೋಗಿರ್ಬೇಕು," ಎಂದ.

"ಹೋಗ್ಲಿ ಬಿಡು, ನೀನೇನು ಮಾಡ್ತೀಯ," ಎಂದು ಅವಳೇ ಅವನಿಗೆ ಸಮಾಧಾನ ಹೇಳಿದಳು.

ಆಮೇಲೆ ಆರಿಸುವ ಕೆಲಸ. ಅಂಗಡಿಯಾಕೆ ಮೂರು ಬಗೆಯ ವಾಲ್ವು ತೆಗೆದಿಟ್ಟಳು. ಒಂದು ಹೊಸದಾಗಿ ತಯಾರಾದದ್ದು, ಇನ್ನೆರಡು ಹಳೆಯವಾದರೂ ಬಳಸದೆ ಉಳಿದವು. ಮೊದಲನೆಯದು ಹಾಕಿದೊಡನೆ ಕೋಣೆಯೆಲ್ಲ ಝಗ್ ಎಂದಿತು. ಅಂಗಡಿಗೆ ಬರುವ ಮುಕ್ಕಾಲು ಜನ ಇದನ್ನೇ ಕೊಳ್ಳುತ್ತಾರೆ ಎಂದಳು ಅಂಗಡಿಯಾಕೆ. ಅಕ್ಕ ಅಡ್ಡಡ್ಡ ತಲೆಯಾಡಿಸಿದಳು. "ಇದು ಹಲ್ಲು ಕಿರಿಯುತ್ತೆ. ನನ್ನ ಪಿಯಾನೋ ಹಾಗೆ ಹಲ್ಲು ಕಿರಿಯಲ್ಲ." ಎರಡನೆಯದು ಮೆದು, ಬೆಣ್ಣೆಯಂತಿತ್ತು. "ಚೆನ್ನಾಗಿದೆ, ಆದರೆ ಸುತ್ತಿಗೆ ಎಲ್ಲಿ? ಕೀಲಿ ಒತ್ತಿದಾಗ ಒಳಗಡೆ ಸುತ್ತಿಗೆ ತಂತಿಗೆ ಹೊಡೆಯುತ್ತಲ್ಲ, ಆ ಏಟು ಕೇಳ್ಸಬೇಕು. ಆಮೇಲೆ ಮರ. ಆಮೇಲೆ ತಂತಿ." ತಮ್ಮ ತನ್ನ ಅಂಗಡಿಯ ರೂಢಿಯಂತೆ, "ಇದಾ ಅಕ್ಕ, ಮೊದಲಿನದಾ?" ಎಂದು ಕೇಳುತ್ತ ಹೋದ. ಅವಳು ಒಮ್ಮೆಯೂ ತಡವರಿಸಲಿಲ್ಲ. ಕಣ್ಣು ಮುಚ್ಚಿ, ಗದ್ದ ಎತ್ತಿ, "ಮೊದಲಿನದು", "ಇದಲ್ಲ", "ಅದನ್ನ ಇನ್ನೊಂದ್ಸಲ ಹಾಕಿ" ಎನ್ನುತ್ತಿದ್ದಳು. ಅವಳು ಹೇಳಿದ ವ್ಯತ್ಯಾಸಗಳಲ್ಲಿ ಅರ್ಧವೂ ಅವನಿಗೆ ಕೇಳಿಸಲಿಲ್ಲ. ಈ ಕಿವಿಯನ್ನೇ ತೋರಿಸಿಕೋ ಎಂದಿದ್ದವನು ಅವನು.

ಮೂರನೆಯದಕ್ಕೆ ಮುಚ್ಚಿದ ಕಣ್ಣು ಅವಳು ತೆರೆಯಲಿಲ್ಲ. ಟೇಪು ಮುಗಿಯುವವರೆಗೂ ಕೂತಿದ್ದಳು. ಕಡೆಗೆ, "ಅವರಿದ್ದಾಗ ಇದ್ದಷ್ಟಿಲ್ಲ. ಆದರೂ ಇದು ಸುಳ್ಳು ಹೇಳಲ್ಲ. ಇದೇ ಇರಲಿ," ಎಂದಳು.

ಅಂಗಡಿಯಾಕೆ ಹಳೆಯ ನಾಲ್ಕನ್ನು ಕಸದ ಡಬ್ಬಿಯತ್ತ ಒಯ್ಯುತ್ತಿದ್ದಳು. "ಅಯ್ಯೋ, ಬೇಡ ಬೇಡ!" ಎಂದು ಅಕ್ಕ ಕೈಚಾಚಿದಳು. ಚೀಲದಿಂದ ಒಗೆದು ಮಡಿಸಿದ ಒಂದು ಗಂಡಸರ ಕರವಸ್ತ್ರ ತೆಗೆದಳು. ಭಾವನದು. ಅದರಲ್ಲಿ ಆ ನಾಲ್ಕನ್ನೂ ಒಂದಕ್ಕೊಂದು ತಾಗದ ಹಾಗೆ ಸುತ್ತಿದಳು. "ಸತ್ತಿದ್ರೂ ಪರವಾಗಿಲ್ಲ. ಅವರು ಕೈಯಾರೆ ಹಾಕಿದ್ದು. ಅವರ ಬೆರಳು ಕಡೆಗೆ ಮುಟ್ಟಿದ್ದು ಇವನ್ನೇ. ನನ್ನ ಹತ್ರ ಇರಲಿ."

ತಮ್ಮ ಕಂಬಳಿ ಸುತ್ತಿದ ಪೆಟ್ಟಿಗೆ ಎತ್ತಿಕೊಂಡು ಮೊದಲೇ ಮೆಟ್ಟಿಲಿಳಿದ.

ಮನೆ ತಲುಪಿದ ಮೇಲೆ ಅಕ್ಕ ಆ ಗಂಟನ್ನು ಮಲಗುವ ಕೋಣೆಯ ಕಪಾಟಿನಲ್ಲಿಡಲು ಹೋದಳು. ಭಾವನ ಕನ್ನಡಕ, ಗಡಿಯಾರ, ಹಲ್ಲಿನ ಗುರುತಿದ್ದ ಪೆನ್ಸಿಲ್ಲುಗಳ ಪಕ್ಕದಲ್ಲಿ ಅದಕ್ಕೂ ಜಾಗ ಮಾಡಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಕದ್ದದ್ದನ್ನು ಹೇಗೋ ಹೊತ್ತುಕೊಂಡಿದ್ದ. ಸುಳ್ಳನ್ನೂ ಹೊತ್ತುಕೊಂಡಿದ್ದ. ಆದರೆ ತಾನು ಬಿಸಾಕಬೇಕಾಗಿದ್ದ ಸವೆದ ವಾಲ್ವುಗಳಿಗೆ ಅಕ್ಕ ಗಂಡನ ಪಕ್ಕದಲ್ಲಿ ಜಾಗ ಕೊಡುವುದನ್ನು ನೋಡಿಯೂ ಸುಮ್ಮನಿರುವಷ್ಟು ಗಟ್ಟಿ ಅವನಾಗಿರಲಿಲ್ಲ.

"ಅಕ್ಕ, ಅವು ಭಾವನದಲ್ಲ," ಎಂದ.

"ಏನು?"

"ಅವು ನನ್ನವು. ಭಾವನವು ನಮ್ಮನೇಲಿದಾವೆ. ಧೂಳು ಒರೆಸಿದ ಮಾರನೇ ದಿನ ಬಂದು ನಾನು ಬದಲಾಯಿಸಿದೆ."

ಅಕ್ಕನ ಕೈ ಕಪಾಟಿನೊಳಗೇ ನಿಂತಿತು. ಅವನು ಉಳಿದದ್ದನ್ನೂ ಹೇಳಿದ. ಒಂದು ವಾರಕ್ಕೆ ಅಂದುಕೊಂಡದ್ದು, ಒಂದು ಬಿರುಕು ಬಿಟ್ಟದ್ದು, ಜೋಡಿ ಸಿಗದೆ ಹೋದದ್ದು. ಹೇಳುತ್ತ ಹೇಳುತ್ತ ಅದು ನೆವದ ಹಾಗೆ ಕೇಳತೊಡಗಿತು, ಅವನಿಗೇ. ನಿಲ್ಲಿಸಿದ.

ಅಕ್ಕ ವಾಲ್ವುಗಳ ಸುದ್ದಿಯನ್ನೇ ಎತ್ತಲಿಲ್ಲ. ಕೇಳಿದ್ದು ಬೇರೆ ಮಾತು: "ಕಿವಿ ತೋರಿಸ್ಕೋ ಅಂದ್ಯಲ್ಲ, ಆಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಪೆಟ್ಟಿಗೆಯದೇ ದೋಷ ಅಂತ?"

"ಹೂಂ."

"ನಾನು ದೊಡ್ಡ ಹಾಲಿನ ಕೆಲಸ ಬಿಟ್ಟೆ ಅಂತ ಹೇಳಿದಾಗ?"

"ಆಗಲೂ ಗೊತ್ತಿತ್ತು."

ಅಕ್ಕ ಮಂಚದ ಅಂಚಿಗೆ ಕೂತಳು. "ಕೇಳಿದ್ದಿದ್ರೆ ಕೊಟ್ಟೇಬಿಡ್ತಿದ್ದೆ ಕಣೋ. ನಾಲ್ಕೂ ಕೊಡ್ತಿದ್ದೆ. ನನಗೆ ಅವು ಯಾಕೆ? ಸ್ನಾನದ ಮನೇಲಿ ನೀರು ಬೀಳೋ ಸದ್ದು ಕೂಡ ಎಡಗಿವಿಗೆ ಸರಿಯಾಗಿ ಕೇಳ್ತಿದೆಯಾ ಅಂತ ನಿಂತು ನಿಂತು ನೋಡ್ತಿದ್ದೆ. ಪಿಯಾನೋ ಮುಂದೆ ಕೂತ್ರೆ ಒಂದೇ ಕೀಲಿ ಹತ್ತು ಸಲ ಒತ್ತುತ್ತಿದ್ದೆ. ನನ್ನನ್ನೇ ನಾನು ನಂಬದ ಹಾಗೆ ಮಾಡಿಬಿಟ್ಟೆಯಲ್ಲ." ಧ್ವನಿ ಏರಿಸಲಿಲ್ಲ. "ಹೋಗು ಈಗ. ನಾಳೆ ಬೆಳಿಗ್ಗೆ ಅವನ್ನ ತಗೊಂಡು ಬಾ. ಒಡೆದಿರೋದನ್ನೂ."

ಅವನು ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದ. ಅವಳು ಕಳ್ಳ ಎಂದು ಹಂಗಿಸಲಿಲ್ಲ. "ಅತ್ತಿಗೆ ಮುಖ ನಾನು ಹೇಗ್ರೀ ನೋಡ್ಲಿ? ನಾನೂ ಕೂತು ಕೇಳಿದ್ದೀನಲ್ಲ ಅದರಲ್ಲಿ," ಎಂದಳು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಬೆಳಿಗ್ಗೆ ಮೂರು ಜೀವಂತ, ಒಂದು ಸತ್ತದ್ದು ತಂದು ಮೇಜಿನ ಮೇಲಿಟ್ಟ. ಅಕ್ಕ ಸತ್ತದ್ದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, ಬೆಳ್ಳಗಾದ ತಲೆಯನ್ನು ಬೆರಳಿಂದ ಸವರಿದಳು. ಕಪಾಟಿನಲ್ಲಿ ಜಾಗ ಸಿಕ್ಕಿದ್ದು ಅದಕ್ಕೆ. ಮಿಕ್ಕ ಮೂರರಲ್ಲಿ ಒಂದು ಜೋಡಿಯನ್ನು ಪೆಟ್ಟಿಗೆಗೆ ಹಾಕಲು ಹೇಳಿದಳು, ಇನ್ನೊಂದು ಜೋಡಿ ನಿನ್ನೆ ತಂದದ್ದೇ ಇರಲಿ ಎಂದಳು, ಒಂಟಿಯಾದದ್ದನ್ನು ಎತ್ತಿಟ್ಟಳು. ಯಾವುದು ಎಲ್ಲಿ ಎಂದು ಅವಳು ಕುರ್ಚಿಯಲ್ಲಿ ಕೂತು ಕೇಳಿ ಕೇಳಿ ಹೇಳುತ್ತ ಹೋದಳು, ಅವನು ಕೂಲಿಯವನ ಹಾಗೆ ಬಗ್ಗಿ ಕಿತ್ತು ಹಾಕುತ್ತ ಹೋದ. ಮುಗಿದ ಮೇಲೆ ಅವಳು ಮುಚ್ಚಳದ ತಿರುಪುಗಳನ್ನು ತಾನೇ ಬಿಗಿದಳು.

"ಇನ್ನೊಂದು ಕೆಲಸ ಇದೆ. ನನ್ನ ಶಿಷ್ಯೆ ಹತ್ರ ಹೋಗಿ, ನನ್ನ ಕಿವಿಗೆ ಏನೂ ಆಗಿಲ್ಲ ಅಂತ ನಿನ್ನ ಬಾಯಲ್ಲೇ ಹೇಳು. ಯಾಕೆ ಹಾಗಾಯ್ತು ಅಂತಾನೂ ಹೇಳು. ನಾನು ಹೇಳಿದ್ರೆ ಮುದುಕಿ ಹಾಲಿನ ಕೆಲಸ ವಾಪಸ್ ಕೇಳೋಕೆ ಬಂದ್ಲು ಅಂದ್ಕೋತಾಳೆ."

"ವಾಪಸ್ ತಗೊಳ್ಳಲ್ವಾ?"

"ಕೊಟ್ಟ ಕೆಲಸ ಕಿತ್ತುಕೊಂಡು ಅವಳ ಹೊಟ್ಟೆ ಮೇಲೆ ಹೊಡೀಲಾ? ಅವಳೇನು ತಪ್ಪು ಮಾಡಿದ್ದಾಳೆ?"

ತಮ್ಮ ದೊಡ್ಡ ಹಾಲಿಗೆ ಹೋದಾಗ ಶಿಷ್ಯೆ ವೇದಿಕೆಯ ಮೇಲೆ ಪಿಯಾನೋದ ಮುಚ್ಚಳ ಎತ್ತಿ ಕೆಲಸದಲ್ಲಿದ್ದಳು. ಮೂವತ್ತರ ಒಳಗಿನ ಹೆಣ್ಣು, ಅಂಗಿಯ ತೋಳು ಮಡಿಸಿಕೊಂಡಿದ್ದಳು. ಖಾಲಿ ಕುರ್ಚಿಗಳ ಸಾಲಿನ ಮುಂದೆ ನಿಂತು ಅವನು ಹೇಳಬೇಕಾದ್ದನ್ನು ಹೇಳಿದ. ಅವಳು ಸಿಟ್ಟಾಗುತ್ತಾಳೆ, ಇಲ್ಲವೇ ಕೆಲಸ ಹೋಗುತ್ತದೆಂದು ಹೆದರುತ್ತಾಳೆ ಎಂದುಕೊಂಡಿದ್ದ. ಅವಳು ಕೈಯಲ್ಲಿದ್ದ ಉಪಕರಣವನ್ನು ಕೆಳಗಿಟ್ಟು, ಪಿಯಾನೋದ ಬೆಂಚಿನ ಮೇಲೆ ಕೂತಳು.

"ನನಗೆ ಗೊತ್ತಿತ್ತು ಸರ್," ಎಂದಳು.

"ವಾಲ್ವಿನ ವಿಷಯವಾ?"

"ಅಲ್ಲ. ಟೀಚರ್ ಕಿವಿ ಸರಿಯಾಗೇ ಇದೆ ಅಂತ. ಕೆಲಸ ಒಪ್ಪಿಸಿದ ಮೇಲೆ ಒಂದ್ಸಲ ನೋಡೋಕೆ ಬಂದಿದ್ರು. ಆ ಬಾಗಿಲ ಹತ್ರ ನಿಂತಿದ್ರು, ಅಷ್ಟು ದೂರ. ಅಲ್ಲಿಂದಲೇ 'ಮೇಲಿನ ಆ ಸ್ವರ ಒಂದು ಎಳೆ ಇಳಿದಿದೆ ನೋಡು' ಅಂದ್ರು. ನಾನು ನೋಡಿದೆ, ಇಳಿದಿತ್ತು. ನನಗೆ ಹತ್ತಿರದಲ್ಲಿ ಕೂತೂ ಕೇಳಿಸಿರಲಿಲ್ಲ." ಅವಳು ತನ್ನ ಅಂಗೈ ನೋಡಿಕೊಂಡಳು. "ಆಮೇಲೆ ಅವರೇ, 'ನನ್ನ ಭ್ರಮೆ ಇರ್ಬೇಕು ಬಿಡು' ಅಂದ್ರು. ನಾನು ಭ್ರಮೆಯಲ್ಲ ಅನ್ನಲಿಲ್ಲ. ಹೂಂ ಅಂದೆ. ಅವರು ಹೋದ ಮೇಲೆ ಸರಿ ಮಾಡಿದೆ."

ತಮ್ಮನ ಒಂದು ಮಾತು ಇನ್ನೊಬ್ಬಳ ಬಾಯಿಗೂ ಬೀಗ ಹಾಕಿತ್ತು. ಅವನು ಸುಳ್ಳು ಹೇಳದೆ ಹೋಗಿದ್ದರೆ ಇವಳಿಗೆ ಕೆಲಸ ಉಳಿಸಿಕೊಳ್ಳುವ ಈ ಆಸೆ ಹುಟ್ಟುವ ಸಂದರ್ಭವೇ ಬರುತ್ತಿರಲಿಲ್ಲ. "ಅದು ನಿನ್ನ ತಪ್ಪಲ್ಲಮ್ಮ," ಎಂದ.

"ನನ್ನದೇ ಸರ್. ನಿಮ್ಮದು ನಿಮಗೆ, ನನ್ನದು ನನಗೆ. ನೀವು ಇದನ್ನ ಹೇಳಬೇಡಿ. ನಾನೇ ಹೋಗಿ ಹೇಳ್ತೀನಿ."

ಅವಳು ಹೋಗಿ ಹೇಳಿದಳು. ಏನೇನು ಮಾತಾಯಿತೋ, ಯಾರು ಅತ್ತರೋ, ತಮ್ಮನಿಗೆ ಗೊತ್ತಿಲ್ಲ. ಅಕ್ಕ ಅವನಿಗೆ ಹೇಳಲಿಲ್ಲ, ಕೇಳುವ ಮುಖ ಅವನಿಗಿರಲಿಲ್ಲ. ತಿಳಿದದ್ದು ಇಷ್ಟು: ಮುಂದಿನ ದೊಡ್ಡ ಕಚೇರಿಗೆ ಇಬ್ಬರೂ ಒಟ್ಟಿಗೆ ಹಾಲಿಗೆ ಹೋದರು. ಆಮೇಲೆ ಅದೇ ರೂಢಿಯಾಯಿತು. ದಿನನಿತ್ಯದ ಕೆಲಸ ಶಿಷ್ಯೆಯದು, ಕಚೇರಿಯ ಹಿಂದಿನ ದಿನ ಕಡೆಯ ಸುತ್ತು ಅಕ್ಕನದು. ಹಾಲಿನವರಿಗೂ ಅದು ಒಪ್ಪಿಗೆಯಾಯಿತು. ಮೊದಲಿನ ಹಾಗೆ ಪೂರ್ತಿ ಅವಳದಾಗಲಿಲ್ಲ, ಹೋದದ್ದು ಹಾಗೆಯೇ ಇಡಿಯಾಗಿ ಬರುವುದೂ ಇಲ್ಲ.

ತಮ್ಮ ತನ್ನ ಪೆಟ್ಟಿಗೆಗೆ ಆ ಮಹಡಿಯಂಗಡಿಯಿಂದ ಸಾಧಾರಣ ವಾಲ್ವು ತಂದು ಹಾಕಿಕೊಂಡ. ಹಾಡು ಕೇಳುತ್ತಿದ್ದ, ಆದರೆ ನಡುನಡುವೆ ಎದ್ದು ಹೋಗಿ ದನಿ ತಗ್ಗಿಸಿಬಿಡುತ್ತಿದ್ದ. ಅಂಗಡಿಯಲ್ಲಿ ಯಾರಾದರೂ ವಯಸ್ಸಾದವರು "ನನ್ನ ಕಣ್ಣೇ ಸರಿಯಿಲ್ಲವೇನೋ" ಎಂದರೆ ಮೊದಲು ಅವರ ಕನ್ನಡಕ ಇಸಿದುಕೊಂಡು, ಒರೆಸಿ, ಗಾಜನ್ನು ಮತ್ತೆ ಮತ್ತೆ ಅಳೆದು ನೋಡುತ್ತಿದ್ದ. ಅಷ್ಟು ಯಾಕೆ ನೋಡುತ್ತಾನೆಂದು ಅವರಿಗೆ ಅರ್ಥವಾಗುತ್ತಿರಲಿಲ್ಲ.

ಅಕ್ಕ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಅವನಿಗೂ ಒಂದು ಶಿಕ್ಷೆ ಮುಗಿದ ಹಾಗಿರುತ್ತಿತ್ತು. ಫೋನು ಮಾಡಿದರೆ ಎತ್ತುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ತಾನಾಗಿ ಏನೂ ಕೇಳುತ್ತಿರಲಿಲ್ಲ. ಅವನಿಗೊಂದು ಉಪಾಯ ಹೊಳೆಯಿತು. ಕಚೇರಿಯ ಹಿಂದಿನ ದಿನ ಅವಳ ಉಪಕರಣದ ಭಾರವಾದ ಪೆಟ್ಟಿಗೆ ಹೊರಲು ಯಾರಾದರೂ ಬೇಕಿತ್ತು. ಕರೆಯದೆಯೇ ಹೋಗಿ ಬಾಗಿಲಲ್ಲಿ ನಿಂತ. ಅವಳು ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟು ಮುಂದೆ ನಡೆದಳು. ಅಂದಿನಿಂದ ಪ್ರತಿ ಸಲವೂ ಅಂಗಡಿ ಮುಚ್ಚಿ ಹೋಗುತ್ತಾನೆ.

ಒಂದು ಮಧ್ಯಾಹ್ನ ಶಿಷ್ಯೆ ನೀರು ಕುಡಿಯಲು ಹೊರಗೆ ಹೋಗಿದ್ದಳು. ಅಕ್ಕ ಒಂದು ಕೀಲಿಯನ್ನು ಮತ್ತೆ ಮತ್ತೆ ಒತ್ತಿ, ತಂತಿಯನ್ನು ಕೂದಲೆಳೆಯಷ್ಟು ಬಿಗಿದಳು. ಎರಡು ಸಲ ನುಡಿಸಿ, ಮುಂದಿನ ಸಾಲಿನಲ್ಲಿ ಕೂತಿದ್ದ ಅವನತ್ತ ತಿರುಗಿದಳು.

"ಹೇಗಿದೆ? ಈಗ ಕೂಡಿತಾ?"

ಅವನು ಗಮನವಿಟ್ಟು ಕೇಳಿದ್ದ. ಕೂಡಿದೆ ಎನ್ನಬಹುದಿತ್ತು. ಕೂಡಿದೆ ಎಂದರೆ ಅವಳಿಗೆ ಖುಷಿಯಾಗುತ್ತಿತ್ತೇನೋ.

"ನನಗೆ ಗೊತ್ತಾಗ್ತಿಲ್ಲ ಅಕ್ಕ," ಎಂದ. "ಮೊದಲಿನದೂ ಈಗಿನದೂ ಒಂದೇ ಥರ ಕೇಳ್ಸುತ್ತೆ."

ಅಕ್ಕ ಅವನ ಮುಖ ನೋಡಿದಳು. "ಇನ್ನೂ ಒಂದೆಳೆ ಬಾಕಿ ಇದೆ," ಎಂದು ಹೇಳಿ ಮತ್ತೆ ತಂತಿಯ ಮೇಲೆ ಬಗ್ಗಿದಳು.